ಹೊಸ್ತಿಲು ದಾಟದ ಲೆನ್ಸು

ತೊಗರಿ ಮಾರಿದ ರೊಕ್ಕದಲ್ಲಿ ಆ ವರ್ಷ ಸೋರುವ ಮಾಳಿಗೆ ದುರಸ್ತಿ ಮಾಡಿಸಬೇಕೆಂದು ಹಣಮಂತರಾಯನ ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಹಿಂದಿನ ಮಳೆಗಾಲದಲ್ಲಿ ಅಡುಗೆಮನೆಯ ಮೂಲೆಗೊಂದು ಪರಾತ, ದೇವರ ಜಗುಲಿಗೊಂದು ಕೊಡ ಇಟ್ಟುಕೊಂಡು ದಿನ ದೂಡಿದ ಮೇಲೆ ಒಲ್ಲೆ ಅನ್ನಲು ಯಾರಿಗೂ ಬಾಯಿರಲಿಲ್ಲ. ಆದರೆ ಒಪ್ಪುವುದು ಬೇರೆ, ಹಣಮಂತರಾಯ ಸೊಲ್ಲಾಪುರಕ್ಕೆ ಹೋಗಿ ಬರುವುದು ಬೇರೆ. ಫಿಲ್ಮಿನ ರೀಲು ತರುತ್ತೇನೆಂದು ಬಸ್ಸು ಹತ್ತಿದವನು ಸಂಜೆ ಬರುವಾಗ ಬಗಲಚೀಲದಲ್ಲಿ ಒಂದು ಉದ್ದನೆಯ ಡಬ್ಬಿಯನ್ನೂ ತಂದಿದ್ದ. ಕಾಲು ತೊಳೆಯುವ ಮೊದಲೇ ಅದನ್ನು ಬಿಚ್ಚಿದ.

ತಾಯಿ ಗುರುಶಾಂತಮ್ಮ ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಸೊಸೆ ಪ್ರಮಿಲಾ ರೊಟ್ಟಿ ಬಡಿಯುತ್ತಿದ್ದಳು.

"ಏನಲೇ ಅದು? ಹಿಟ್ಟು ಕುಟ್ಟೂ ಒನಕಿ ಇದ್ದಂಗದ."

"ಲೆನ್ಸವ್ವಾ. ದೂರಿಂದು. ಹಿಂಗ ಜಗ್ಗಿದ್ರ ದೂರ ಇದ್ದದ್ದು ಹತ್ರ ಬರ್ತದ, ಹಿಂದ ತಳ್ಳಿದ್ರ ದೂರ ಹೋಗ್ತದ. ನೋಡಾಕ ಕೊಟ್ಟಾರ. ಬ್ಯಾಡಾದ್ರ ವಾರದಾಗ ತಿರುಗಿ ಕೊಡಬಹುದು."

"ಮಾಳಗಿ?" ಎಂದಳು ಪ್ರಮಿಲಾ, ತಲೆಯೆತ್ತದೆ.

"ಮಾಳಗಿ ಎಲ್ಲಿ ಓಡಿಹೋಗ್ತದ?"

"ಅದು ಓಡಿಹೋಗಂಗಿಲ್ಲ. ನಮ್ಮ ತಲಿ ಮ್ಯಾಲೆ ಬೀಳ್ತದ."

ಗುರುಶಾಂತಮ್ಮ ಸೆರಗಿಗೆ ಕೈ ಒರೆಸಿಕೊಂಡು ಲೆನ್ಸನ್ನು ಈಸಿಕೊಂಡಳು. ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿ ತೂಕ ನೋಡಿದಳು, ಗಾಜನ್ನು ಬೆರಳಿನಿಂದ ತಟ್ಟಲು ಹೋದಳು. ಮಗ ಗಾಬರಿಯಾಗಿ ಕಸಿದುಕೊಂಡ. ಕ್ಯಾಮರಾ ಕಂಪನಿಯದೇ ಲೆನ್ಸಾದರೆ ಇದರ ನಾಲ್ಕು ಪಟ್ಟು ಬೆಲೆ, ಇದು ಜಪಾನಿನ ಯಾವುದೋ ಸಣ್ಣ ಕಂಪನಿಯದು, ಆದರೂ ಗಾಜು ಗಾಜೇ ಎಂದು ಊಟದುದ್ದಕ್ಕೂ ಹೊಗಳಿದ. ಪ್ರಮಿಲಾ ಉಂಡು ಕೈ ತೊಳೆದ ಮೇಲೆ ಅದನ್ನು ಕ್ಯಾಮರಾಕ್ಕೆ ಹಾಕಿ, ಕಣ್ಣಿಗಿಟ್ಟು, ಅಂಗಳದ ಕಡೆಗೊಮ್ಮೆ, ಅತ್ತೆಯ ಕಡೆಗೊಮ್ಮೆ ತಿರುಗಿಸಿ ನೋಡಿದಳು.

"ಒಳಗ ಕತ್ತಲಿ. ಬಿಸಿಲಿದ್ರ ಇದರಷ್ಟು ಚಲೋ ಇಲ್ಲ, ಮನಿಯೊಳಗ ಕುರುಡು. ದೂರ ಹಾಕಿದ್ರ ಫ್ಲ್ಯಾಶಿನ ಬೆಳಕು ಮುಟ್ಟಂಗಿಲ್ಲ. ಕೈ ಒಂದೀಟ ಅಲ್ಲಾಡಿದ್ರ ಚಿತ್ರನೂ ಅಲ್ಲಾಡ್ತದ. ಕೆಳಗ ಬಾಗಿಸಿದ್ರ ತನ್ನಷ್ಟಕ್ಕೆ ಜಾರ್ತದ, ನೋಡ್ರಿ. ಮತ್ತ ಅತ್ತಿ ಎದುರಿಗೇ ಕುಂತಾರ, ಅವರು ಕಾಣವಲ್ರು. ಮಾರು ದೂರ ಸರದ್ರ ಕಾಣ್ತಾರ."

"ಅಂದ್ರ ತಿರುಗಿ ಕೊಡೂಣ ಅಂತೀ?" ಹಣಮಂತರಾಯನ ಮುಖ ಸಣ್ಣದಾಯಿತು.

"ನಮ್ಮ ಕೆಲಸಕ್ಕ ಬ್ಯಾಡ ಅಂದೆ. ಲೆನ್ಸಿಗೆ ನಾ ಏನೂ ಅಂದಿಲ್ಲ."

ನಮ್ಮ ಕೆಲಸ ಎಂದದ್ದು ಗುರುಶಾಂತಮ್ಮನಿಗೆ ಚುಚ್ಚಿತು. ಆ ಮಾತಿನ ಹಿಂದೆ ಐದಾರು ವರ್ಷದ ಕಥೆಯಿತ್ತು.

ಹಣಮಂತರಾಯ ಆಳಂದದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸ್ಟುಡಿಯೊ ಇಟ್ಟವನು. ಪ್ರಮಿಲಾ ಮದುವೆಯಾಗಿ ಬಂದ ಹೊಸತರಲ್ಲಿ ಅವನ ಕತ್ತಲೆಕೋಣೆಗೆ ಚಹಾ ಕೊಡಲು ಹೋಗಿ ಹೋಗಿ ಫಿಲ್ಮು ತೊಳೆಯುವುದನ್ನೂ ಕಲಿತಳು, ತೆಗೆಯುವುದನ್ನೂ ಕಲಿತಳು. ಒಮ್ಮೆ ಮುಸಲ್ಮಾನರ ಮದುವೆಯೊಂದರಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯಲು ಗಂಡಸು ಹೋಗುವಂತಿಲ್ಲ ಎಂದಾಗ ಹಣಮಂತರಾಯ ಹೆಂಡತಿಯ ಕೊರಳಿಗೆ ಕ್ಯಾಮರಾ ಹಾಕಿ ಒಳಗೆ ಕಳಿಸಿದ. ಅಲ್ಲಿಂದ ಮುಂದೆ ಆ ಓಣಿಗಳ ಮದುವೆ ಅಂದರೆ ಪ್ರಮಿಲಾ ಬರಬೇಕು ಎನ್ನುವಂತಾಯಿತು. ಯಾರು ಮುಖ ತೋರಿಸುತ್ತಾರೆ, ಯಾರು ಒಲ್ಲೆನ್ನುತ್ತಾರೆ, ಯಾವ ಫೋಟೋ ಅಲ್ಬಮ್ಮಿಗೆ, ಯಾವುದು ವಧುವಿನ ತಾಯಿಯ ಕೈಗೆ ಮಾತ್ರ, ಎಲ್ಲ ಅವಳಿಗೆ ಗೊತ್ತಿತ್ತು. ಆ ರೀಲುಗಳನ್ನು ಅವಳು ಗಂಡನಿಗೂ ತೋರಿಸದೆ ತಾನೇ ತೊಳೆದು, ತಾನೇ ಪ್ರಿಂಟು ಹಾಕಿ, ತಾನೇ ಕೊಟ್ಟು ಬರುತ್ತಿದ್ದಳು. ಊರಿಗೆಲ್ಲ ಬಣ್ಣದ ಫೋಟೋ ಬಂದರೂ ಹೆಂಗಸರ ಕಡೆಯದು ಕಪ್ಪು ಬಿಳುಪೇ ಇರಲಿ, ಸೊಲ್ಲಾಪುರದ ಲ್ಯಾಬಿನ ಗಂಡಸರ ಕೈಗೆ ಹೋಗುವುದು ಬೇಡ ಎಂದು ಆ ಮನೆಗಳವರೇ ಹೇಳುತ್ತಿದ್ದರು.

ಮನೆಗೆ ರೊಕ್ಕ ಬರುತ್ತಿತ್ತು, ಅದನ್ನು ಗುರುಶಾಂತಮ್ಮ ಅಲ್ಲಗಳೆಯುವಂತಿರಲಿಲ್ಲ. ಆದರೆ ಮದುವೆಯ ದಿನಗಳಲ್ಲಿ ರೊಟ್ಟಿ ಬಡಿಯುವುದು, ನೀರು ತುಂಬುವುದು ಎಲ್ಲ ಮುದುಕಿಯ ತಲೆಗೆ. ಅದನ್ನಾದರೂ ಸಹಿಸುತ್ತಿದ್ದಳೇನೋ. ಹೋದ ಅಮಾವಾಸ್ಯೆಗೆ ಜೇವರ್ಗಿಯಿಂದ ಬಂದ ಬೀಗಿತ್ತಿ, ಮಗಳ ಅತ್ತೆ ಕಸ್ತೂರಿಬಾಯಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ನಿಮ್ಮ ಸೊಸಿ ಭಾಳ ಹುಷಾರ್ ಬಿಡ್ರಿ, ಕೊಳ್ಳಾಗ ಲಿಂಗ ಅದನೋ ಇಲ್ಲೋ ಗೊತ್ತಿಲ್ಲ, ಕ್ಯಾಮರಾ ಮಾತ್ರ ಇದ್ದೇ ಇರ್ತದ. ಊಟನೂ ಅಲ್ಲೇ ಏನ್ರಿ?" ಎಂದು ನಕ್ಕಿದ್ದಳು. ಪ್ರಮಿಲಾ ಅಲ್ಲಿ ಚಹಾ, ಬಾಳೆಹಣ್ಣು ಬಿಟ್ಟು ಏನೂ ಮುಟ್ಟುವುದಿಲ್ಲವೆಂದು ಗುರುಶಾಂತಮ್ಮನಿಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ಆ ನಗು ಮಾತ್ರ ಕಾಲಿಗೆ ನೆಟ್ಟ ಜಾಲಿಮುಳ್ಳಿನ ಹಾಗೆ ಒಳಗೇ ಉಳಿಯಿತು.

ಹೀಗಾಗಿ ಲೆನ್ಸು ತಿರುಗಿ ಕೊಡುವ ದಿನ ಹತ್ತಿರ ಬಂದಾಗ ಗುರುಶಾಂತಮ್ಮನೇ ಮಗನನ್ನು ಕೇಳಿದಳು.

"ಇದರಿಂದ ಎಷ್ಟು ದೂರ ತಗೀಬಹುದೋ?"

"ನಮ್ಮ ಮಾಳಗಿ ಮ್ಯಾಲಿಂದ ಮಠದ ಬಾಗಲದಾಗ ನಿಂತವರ ಮೂಗುತಿ ಕಾಣ್ತದವ್ವಾ."

"ಅಂದ್ರ ಮನಿಯೊಳಗ ಹೋಗೂದೇ ಬ್ಯಾಡ. ಹೊಸ್ತಿಲ ದಾಟದೇ ಫೋಟೋ ಆಗ್ತದ."

"ಆಗ್ತದ."

"ಮತ್ತ ಪ್ರಮಿಲಾ ಯಾಕ ಹೋಗಬೇಕು?"

ಹಣಮಂತರಾಯ ತಲೆ ಕೆರೆದುಕೊಂಡ. ಅವನಿಗೆ ಲೆನ್ಸು ಬೇಕಿತ್ತು. ಬೇಕಾದವನಿಗೆ ಯಾವ ಕಾರಣವಾದರೂ ನಡೆಯುತ್ತದೆ. ಗುರುಶಾಂತಮ್ಮ ಪೆಟ್ಟಿಗೆಯಿಂದ ತೊಗರಿಯ ರೊಕ್ಕ ತೆಗೆದು ಅವನ ಮುಂದೆ ಇಟ್ಟಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಆ ದಿನ ಅವಳಿಗೆ ಹೆಮ್ಮೆಯೇ ಆಗಿತ್ತು.

ಪ್ರಮಿಲಾ ಏನೂ ಜಗಳ ತೆಗೆಯಲಿಲ್ಲ. "ರೊಕ್ಕ ನಿಮ್ಮದು, ಮಾಳಗಿ ನಿಮ್ಮದು, ಮಗ ನಿಮ್ಮಂವ. ನಾ ಏನ್ ಹೇಳ್ಲಿ?" ಎಂದಷ್ಟೇ ಹೇಳಿ ಮುಸುರೆಗೆ ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಟೇಲರ್ ಲಾಲಸಾಬ ಬಂದ. ಅವನ ಅಂಗಡಿ ಸ್ಟುಡಿಯೊದ ಸಾಲಿನಲ್ಲೇ ಇತ್ತು. ಅವನ ಹೆಂಡತಿ ಮೆಹರಾಜಬೇಗಂ ಮನೆಯಲ್ಲೇ ಕುಳಿತು ಹೆಂಗಸರ ಕುಬಸ ಹೊಲಿಯುತ್ತಿದ್ದಳು. ಗುರುಶಾಂತಮ್ಮನ ಕುಬಸವೆಲ್ಲ ಅವಳದೇ ಕೈಯವು. ಲಾಲಸಾಬ ಮಗಳು ಖುರ್ಷಿದಳ ಮದುವೆಗೆ ಕರೆಯಲು ಬಂದಿದ್ದ.

"ಪ್ರಮಿಲಾನ್ನ ಮುಂಜಾನಿಂದನೇ ಕಳಸ್ರಿ ಅವ್ವಾ. ನಮ್ಮಾಕಿ ಬೇರೆಯವರ್ನ ಒಳಗ ಬಿಡಂಗಿಲ್ಲ."

"ಆಕಿ ಬರಂಗಿಲ್ಲಪಾ," ಎಂದಳು ಗುರುಶಾಂತಮ್ಮ, ಸೊಸೆ ಬಾಯಿ ತೆರೆಯುವ ಮೊದಲೇ. "ತವರಿಗೆ ಹೊಂಟಾಳ. ಅಣ್ಣನ ಹೇಂತಿ ಬಾಣಂತಿ."

ಚೌಡಾಪುರದ ತವರಿನಲ್ಲಿ ಬಾಣಂತಿ ಇದ್ದದ್ದು ಖರೆ. ಪ್ರಮಿಲಾ ಹೊರಟದ್ದು ಸುಳ್ಳು. ಸುಳ್ಳನ್ನು ಖರೆ ಮಾಡಲು ಮರುದಿನವೇ ಅವಳನ್ನು ಬಸ್ಸು ಹತ್ತಿಸಲಾಯಿತು.

ಹಣಮಂತರಾಯ ಲಾಲಸಾಬನಿಗೆ ಲೆನ್ಸು ತೋರಿಸಿ, ತಾನು ಎದುರು ಮನೆಯ ಮಾಳಿಗೆಯ ಮೇಲೆ ನಿಂತು ತೆಗೆಯುತ್ತೇನೆ, ಒಳಗೆ ಕಾಲಿಡುವುದಿಲ್ಲ ಎಂದು ವಿವರಿಸಿದ. ಲಾಲಸಾಬನಿಗೆ ಮನಸ್ಸಿರಲಿಲ್ಲ. ಮದುವೆ ಮನೆ, ಬೇರೆ ದಾರಿಯಿಲ್ಲ.

"ಬಿದಾಯಿ ಫೋಟೋ ಅಷ್ಟ ತಗಿ. ಮಗಳು ಬಾಗಲದಿಂದ ಹೊರಗ ಬರೂದು. ಆವಾಗ ಎಲ್ಲಾರೂ ಚಾದರ ಹೊತ್ತಿರ್ತಾರ. ಅದರ ಹೊರತು ಬ್ಯಾಡ, ಹಣಮಂತರಾಯ."

"ಅಷ್ಟೇ, ಚಾಚಾ."

ಹಣಮಂತರಾಯ ಕೆಟ್ಟವನಲ್ಲ. ಹೊಸ ಸಾಮಾನು ಕೈಗೆ ಬಂದರೆ ಬಾಕಿ ಎಲ್ಲ ಮರೆಯುವವನು. ಮದುವೆಯ ಮಧ್ಯಾಹ್ನ ಮಾಳಿಗೆಯ ಮೇಲೆ ಬಿದಾಯಿಗೆ ಕಾಯುತ್ತ ಕುಳಿತಾಗ ಬಿಸಿಲು ಚೆನ್ನಾಗಿತ್ತು. ಲೆನ್ಸಿಗೆ ಬೇಕಾದದ್ದೇ ಬಿಸಿಲು. ಪರೀಕ್ಷೆ ಮಾಡೋಣವೆಂದು ಲೆನ್ಸನ್ನು ಜಗ್ಗಿದ. ಮೊದಲು ಬೇವಿನ ಮರದ ಕಾಗೆ, ಆಮೇಲೆ ಗೋಡೆಯಾಚೆಯ ಅಂಗಳ. ಅಲ್ಲಿ ಬಾವಿಕಟ್ಟೆಯ ಮೇಲೆ ಮೆಹರಾಜಬೇಗಂ ಒಬ್ಬಳೇ ಕುಳಿತಿದ್ದಳು. ತಲೆಗೆ ಎರೆದುಕೊಂಡು ಕೂದಲು ಆರಲು ಬಿಟ್ಟಿದ್ದಳು. ತಲೆಯ ಮೇಲೆ ಸೆರಗಿಲ್ಲ, ತೊಡೆಯ ಮೇಲೆ ಮಗಳ ಹೊಸ ಚಪ್ಪಲಿ, ಒಳಗಿನಿಂದ ಯಾರೋ ಏನೋ ಅಂದಿರಬೇಕು, ಅಳುತ್ತಲೇ ನಗುತ್ತಿದ್ದಳು. ಹಣಮಂತರಾಯನ ಬೆರಳು ಅವನನ್ನು ಕೇಳಲಿಲ್ಲ.

ಬಿದಾಯಿ ಆಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಪ್ರಮಿಲಾ ಹೇಳಿದಂತೆಯೇ ಆಯಿತು. ಸೊಲ್ಲಾಪುರದ ಲ್ಯಾಬಿನಿಂದ ಬಂದ ಬಿದಾಯಿಯ ಫೋಟೋಗಳಲ್ಲಿ ಖುರ್ಷಿದಳಿಗೆ ಎರಡೆರಡು ಮುಖ, ಮದುಮಗನ ಪೇಟ ಹೊಗೆಯಂತೆ ಅಲ್ಲಾಡಿತ್ತು. ಒಂದೇ ಒಂದು ಫೋಟೋ ಚೆಂದ ಬಂದಿತ್ತು. ಅದನ್ನು ಹಣಮಂತರಾಯ ದೊಡ್ಡದಾಗಿ ಮಾಡಿಸಿ ತಂದು, ತೊಗರಿ ಕೇರುತ್ತಿದ್ದ ತಾಯಿಯ ಮುಂದೆ ಹಿಡಿದ.

"ನೋಡವ್ವಾ. ಅಷ್ಟು ದೂರಿಂದ! ಕಣ್ಣೀರು ಸೈತ ಕಾಣಾಕತ್ತದ. ನನ್ನ ಕೈಯಾಗ ಇಂಥಾ ಫೋಟೋ ಈತನಕ ಬಂದಿಲ್ಲ."

ಗುರುಶಾಂತಮ್ಮ ನೋಡಿದಳು. ಮೊರ ಕೈಯಲ್ಲೇ ನಿಂತಿತು. ಇಪ್ಪತ್ತು ವರ್ಷದಿಂದ ಬಲ್ಲ ಹೆಂಗಸು. ಓಣಿಯಲ್ಲಿ ಬುರ್ಖಾ ಇಲ್ಲದೆ ಕಂಡವಳಲ್ಲ. ಕುಬಸದ ಅಳತೆ ತೆಗೆಯುವಾಗಲೂ ಬಾಗಿಲ ಪರದೆ ಸರಿಯಾಗಿದೆಯೇ ಎಂದು ಎದ್ದುಹೋಗಿ ನೋಡುವವಳು. ಅವಳ ಕೂದಲಲ್ಲಿ ಇಷ್ಟು ಬಿಳಿ ಬಂದದ್ದು ಗುರುಶಾಂತಮ್ಮನಿಗೂ ಗೊತ್ತಿರಲಿಲ್ಲ. ಇದನ್ನು ಹರಿದು ಒಲೆಗೆ ಹಾಕು ಎನ್ನುವ ಮಾತು ಗಂಟಲಿಗೆ ಬಂತು.

ಬಂದ ಮಾತು ಅಲ್ಲೇ ನಿಂತು ಲೆಕ್ಕ ಹಾಕತೊಡಗಿತು. ಇದೊಂದು ಫೋಟೋ ಬಿಟ್ಟರೆ ಲೆನ್ಸು ಮಾಡಿದ ಕೆಲಸ ಏನೂ ಇಲ್ಲ. ಇದೂ ತಪ್ಪೆಂದರೆ ಲೆನ್ಸೇ ತಪ್ಪು. ಲೆನ್ಸು ಕೊಡಿಸಿದ ತಾನು ತಪ್ಪು. ಪ್ರಮಿಲಾ ಚೌಡಾಪುರದಿಂದ ಬಂದವಳೇ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಹೊರಡುತ್ತಾಳೆ, ಕಸ್ತೂರಿಬಾಯಿ ಮತ್ತೆ ನಗುತ್ತಾಳೆ.

"ಚಂದ ಬಂದದ," ಎಂದಳು ಗುರುಶಾಂತಮ್ಮ, ಮತ್ತೆ ತೊಗರಿ ಕೇರತೊಡಗಿದಳು.

ಅವಳು ಹಾಗೆಂದದ್ದೇ ಸಾಕಾಯಿತು. ಹಣಮಂತರಾಯ ಫೋಟೋಕ್ಕೆ ಚೌಕಟ್ಟು ಹಾಕಿಸಿ ಸ್ಟುಡಿಯೊದ ಮುಂದಿನ ಗಾಜಿನ ಕಪಾಟಿನಲ್ಲಿ ಇಟ್ಟ. ಊರಿಗೆ ಹೊಸ ಲೆನ್ಸು ಬಂದಿದೆ ಎಂದು ಎಲ್ಲರಿಗೂ ತಿಳಿಯಬೇಕಲ್ಲ.

ಮಗನಿಗೆ ಬುತ್ತಿ ಒಯ್ಯುವಾಗ ಗುರುಶಾಂತಮ್ಮ ಅದನ್ನು ಕಂಡಳು. ಎದುರಿನ ಹೋಟೆಲಿನ ಕಟ್ಟೆಯಿಂದ ಇಬ್ಬರು ಎದ್ದು ಬಂದು ಗಾಜಿಗೆ ಮೂಗು ಹಚ್ಚಿ ನಿಂತಿದ್ದರು. "ಲಾಲಸಾಬರ ಮನಿಯಾಕಿ ಇದ್ದಂಗದಲ್ಲೋ?" "ಹೌದಲೇ, ಅದೇ ಬಾವಿ." ನಾಲ್ಕೇ ಅಂಗಡಿ ಆಚೆ ಲಾಲಸಾಬನ ಮಶೀನು ತಟಕು ತಟಕು ಎನ್ನುತ್ತಿತ್ತು. ಮಗನ ಮುಂದೆ ಬುತ್ತಿ ಇಟ್ಟು, ಫೋಟೋ ತೆಗಿ ಎನ್ನಬೇಕೆಂದುಕೊಂಡಳು. ಚಂದ ಬಂದದ ಎಂದ ಬಾಯಿಂದಲೇ ತೆಗಿ ಎನ್ನುವುದು ಹೇಗೆ? ನಾಳೆ ಹೇಳಿದರಾಯಿತು ಎಂದು ಮನೆಗೆ ಬಂದಳು. ನಾಳೆಯೂ ಹಾಗೇ ಅಂದುಕೊಂಡಳು, ನಾಡಿದ್ದೂ.

ಲಾಲಸಾಬ ಬಂದಾಗ ಹಣಮಂತರಾಯ ಊಟಕ್ಕೆ ಕುಳಿತಿದ್ದ. ಬರ್ರಿ ಎಂದರೂ ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಆ ಫೋಟೋ ತಗಿ, ಹಣಮಂತರಾಯ."

"ಯಾವ್ದು, ಚಾಚಾ?" ಎಂದ ಹಣಮಂತರಾಯ, ಕೇಳಿದ ಮೇಲೆ ತಿಳಿಯಿತು. ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು.

"ನಾ ಅದನ್ನ ನೋಡಿಲ್ಲ. ನೋಡಂಗೂ ಇಲ್ಲ. ಪ್ಯಾಂಟ್ ಅಳತಿ ಕೊಡಾಕ ಬಂದ ಪೋರ ಹೇಳಿದ, ಚಾಚಾ, ಚಾಚಿ ಫೋಟೋ ಭಾರಿ ಬಂದದ ಅಂತ. ಭಾರಿ ಬಂದದ ಅಂತ, ಹಣಮಂತರಾಯ." ಲಾಲಸಾಬನ ದನಿ ಏರಲೇ ಇಲ್ಲ. "ನಾ ಏನ್ ಅಂದಿದ್ದೆ ನಿನಗ? ಬಾಗಲದ ಹೊರಗಿನದಷ್ಟ ಅಂದಿದ್ದೆ."

"ತಪ್ಪಾತು, ಚಾಚಾ. ನಾ ಒಳಗ ಕಾಲಿಟ್ಟಿಲ್ಲ, ದೇವರಾಣಿ..."

"ಕಾಲಿಟ್ಟಿದ್ರ ಆಕಿಗೆ ಗೊತ್ತರ ಆಗ್ತಿತ್ತು. ತಲಿ ಮ್ಯಾಲೆ ಸೆರಗರ ಹಾಕ್ಕೋತಿದ್ದಳು."

ಹಣಮಂತರಾಯ ಎದ್ದು ಸ್ಟುಡಿಯೊಕ್ಕೆ ಎಂಜಲು ಕೈಯಲ್ಲೇ ಓಡಿದ. ಚೌಕಟ್ಟು ಮುರಿದು, ಫೋಟೋವನ್ನೂ ಅದರ ಫಿಲ್ಮನ್ನೂ ಕಾಗದದಲ್ಲಿ ಸುತ್ತಿ ಮನೆಗೆ ತಂದು ಲಾಲಸಾಬನ ಕೈಗೆ ಕೊಟ್ಟ. ಲಾಲಸಾಬ ಗುರುಶಾಂತಮ್ಮನ ಕಡೆ ಒಮ್ಮೆ ನೋಡಿ, "ಬರ್ತೇನ್ರಿ ಅವ್ವಾ," ಎಂದು ಹೋದ. ಇಷ್ಟಾದರೂ ಆ ಮನುಷ್ಯ ಹೇಳದೆ ಹೋಗಲಿಲ್ಲ. ಗುರುಶಾಂತಮ್ಮ ಆ ದಿನ ಉಣ್ಣಲಿಲ್ಲ, ಯಾರೂ ಕೇಳಲೂ ಇಲ್ಲ.

ಪ್ರಮಿಲಾಳಿಗೆ ಸುದ್ದಿ ಬಸ್ಸಿನಲ್ಲೇ ಸಿಕ್ಕಿತ್ತು. ಮನೆಗೆ ಬಂದವಳು ಚೀಲ ಕೂಡ ಇಳಿಸಲಿಲ್ಲ.

"ಯಾಕ ತಗದ್ರಿ?"

"ತಗದೆ. ಆಗಿ ಹೋತು."

"ತಗದ್ರಿ, ತಿಳೀಲಿಲ್ಲ ಅನ್ನೂಣ. ಕಪಾಟಿನ್ಯಾಗ ಇಡೂ ಮುಂದ ಯಾರೂ ಬ್ಯಾಡ ಅನ್ನಲಿಲ್ಲೇನು? ಮನ್ಯಾಗ ಯಾರಿಗೂ ತೋರಿಸಲಿಲ್ಲೇನು?"

ಗುರುಶಾಂತಮ್ಮ ಒಲೆಯ ಮುಂದೆ ಕುಳಿತಿದ್ದಳು. ಬೆನ್ನು ಬಾಗಿಲ ಕಡೆಗಿತ್ತು. ಹಣಮಂತರಾಯ ಬಾಯಿ ತೆರೆದದ್ದು, ತನ್ನ ಕಡೆ ನೋಡಿದ್ದು, ಮತ್ತೆ ಬಾಯಿ ಮುಚ್ಚಿದ್ದು ಅವಳಿಗೆ ಬೆನ್ನಿನಿಂದಲೇ ತಿಳಿಯಿತು.

"ಯಾರಿಗೂ ತೋರಿಸಲಿಲ್ಲ," ಎಂದ ಹಣಮಂತರಾಯ. "ನಂದೇ ತಲಿ, ನಂದೇ ಕೈ."

"ನಾ ಐದಾರು ವರ್ಷ ಕಟ್ಟಿದ್ದನ್ನ ಒಂದು ಗುಂಡಿ ಒತ್ತಿ ಮಣ್ಣಗೂಡಿಸಿದ್ರಿ," ಎಂದಳು ಪ್ರಮಿಲಾ. ಅಳಲಿಲ್ಲ. ಅತ್ತಿದ್ದರೆ ಗುರುಶಾಂತಮ್ಮನಿಗೆ ಎದ್ದು ಹೋಗಿ ಬೆನ್ನ ಮೇಲೆ ಕೈಯಿಡಲು ಒಂದು ನೆವವಾದರೂ ಸಿಗುತ್ತಿತ್ತು.

ಆಮೇಲೆ ಬಂದ ವಾರಗಳು ಗುರುಶಾಂತಮ್ಮ ಬೇಡಿಕೊಂಡಿದ್ದ ವಾರಗಳೇ. ಸೊಸೆ ದಿನವಿಡೀ ಮನೆಯಲ್ಲಿ. ಹೊತ್ತಿಗೆ ಸರಿಯಾಗಿ ರೊಟ್ಟಿ, ಹೆಸರಬೇಳೆ, ತೊಳೆದ ಅಂಗಳ, ಮಡಚಿದ ಬಟ್ಟೆ. ಅತ್ತೆಯ ಕೈಗೆ ಕೆಲಸವೇ ಇಲ್ಲ. ದರ್ಗಾದ ಕಡೆಯ ಎರಡು ಮದುವೆಯವರು ಬೇಡವೆಂದು ಹೇಳಿ ಕಳಿಸಿದರು. ಒಂದು ಮನೆಯಲ್ಲಿ ಫೋಟೋ ತೆಗೆಸಲೇ ಇಲ್ಲವಂತೆ. ಏನು ಕೇಳಿದರೂ ಪ್ರಮಿಲಾ "ಹೂಂರಿ", "ಇಲ್ರಿ" ಎನ್ನುವಷ್ಟೇ ಮಾತಾಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಎನ್ನದೆಯೇ ಗುರುಶಾಂತಮ್ಮ ದಿನವೂ ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

ಒಂದು ದಿನ ಊಟದ ಹೊತ್ತಿಗೆ ಹಣಮಂತರಾಯ, ಲೆನ್ಸನ್ನು ಬಂದಷ್ಟಕ್ಕೆ ಮಾರಿಬಿಡುತ್ತೇನೆ, ಆ ಪೀಡೆ ಮನೆಯಲ್ಲೇ ಬೇಡ ಎಂದ.

"ಲೆನ್ಸೇನ್ ಮಾಡ್ತು?" ಎಂದಳು ಪ್ರಮಿಲಾ. ಎಷ್ಟೋ ದಿನದ ಮೇಲೆ ಬಂದ ಉದ್ದನೆಯ ಮಾತು ಅದು. "ಹೈಸ್ಕೂಲ್ ಮೈದಾನದಾಗ ಓಟದ ಫೋಟೋ ತಗೀರಿ, ಅಫಜಲಪುರದ ಕಡೆ ಹೊಳಿದಂಡ್ಯಾಗ ಹಕ್ಕಿ ತಗೀರಿ, ಸಭಾದಾಗ ಭಾಷಣ ಮಾಡವರ್ನ ತಗೀರಿ. ಬಿಸಿಲು ಬೇಕು, ಕಾಲ ಮ್ಯಾಲೆ ನಿಲ್ಸೂ ಸ್ಟ್ಯಾಂಡ್ ಬೇಕು. ಕೊಟ್ಟ ರೊಕ್ಕಕ್ಕ ಮೋಸ ಇಲ್ಲ ಅದು. ನೀವು ಅದನ್ನ ಎಲ್ಲಿ ತಿರುಗಿಸಿದ್ರಿ ಅನ್ನೂದು ನಿಮ್ಮ ತಪ್ಪು. ಅದನ್ಯಾಕ ಬೈತೀರಿ?"

ಬೈಸಿಕೊಂಡವನು ಹಣಮಂತರಾಯ. ಮಾತು ನಾಟಿದ್ದು ಅವನ ತಾಯಿಗೆ. ಲೆನ್ಸನ್ನು ಆ ಕಡೆ ಮೊದಲು ತಿರುಗಿಸಿದವಳು ತಾನು ಎಂದು ಅವಳಿಗೆ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ಅವನು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದ. ಮೂವತ್ತು ದಾಟಿದ ಮಗ ತನ್ನನ್ನು ಹೀಗೆ ಸೆರಗಿನಲ್ಲಿ ಮುಚ್ಚಿಟ್ಟಂತೆ ಕಾಯುವುದು ಗುರುಶಾಂತಮ್ಮನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಅಂಥದರಲ್ಲಿ ಒಂದು ಮಧ್ಯಾಹ್ನ ಲಾಲಸಾಬನ ಅಕ್ಕ ಖಾಸೀಂಬಿ ಬಂದಳು. ವಯಸ್ಸಾದ ಹೆಂಗಸು, ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತಳು. ಲಾಲಸಾಬನ ತಮ್ಮನ ಮಗಳು ನಜಮುನ್ನಿಸಾಳ ಮದುವೆ ಅದೇ ಮನೆಯಲ್ಲಿ ನಡೆಯುವುದಿತ್ತು.

"ಪ್ರಮಿಲಾನೇ ಬರಬೇಕು ಅಂತ ಮೆಹರಾಜ ಹಟ ಹಿಡದಾಳ," ಎಂದಳು ಖಾಸೀಂಬಿ. "ಗಂಡಸ್ರು ಒಲ್ಲೆ ಅಂದ್ರು. ಆ ಮನಿ ನೆರಳೂ ಬ್ಯಾಡ ಅಂದ್ರು. ಆಕಿ ಎಲ್ಲಾರ ಮುಂದ ನಿಂತು ಹೇಳಿದಳು, ಆ ಮನಿ ಹೆಂಗಸರದು ತಪ್ಪಿಲ್ಲ. ಸೊಸಿ ಊರಾಗ ಇದ್ದಿಲ್ಲ. ಆ ಮುದುಕವ್ವ ನೋಡಿದ್ರ ಗಾಜು ಒಡದು ಫೋಟೋ ತಗೀತಿದ್ದಳು, ನೋಡಿಲ್ಲ, ಅಂತ. ಅದರ ಮ್ಯಾಲೆ ಎಲ್ಲಾರೂ ಸುಮ್ಮನಾದ್ರು. ಇಬ್ಬರೂ ಒಮ್ಮೆ ಬಂದು ಹೋಗ್ರಿ."

ಪ್ರಮಿಲಾಳ ಮುಖ ಅರಳಿತು. ಸಂಜೆ ಕ್ಯಾಮರಾ ತೆಗೆದು ಮೆತ್ತನೆ ಬಟ್ಟೆಯಿಂದ ಒರೆಸತೊಡಗಿದಳು. ಅತ್ತೆಯ ಹತ್ತಿರ ಬಂದು, "ನಿಮ್ಮ ಹೆಸರಿನ ಮ್ಯಾಲೆ ಬಾಗಲ ತೆರೀತು ನೋಡ್ರಿ ಅತ್ತೀ," ಎಂದು ತಾನಾಗಿಯೇ ನಕ್ಕಳು. ಗುರುಶಾಂತಮ್ಮನಿಗೆ ನಗಲಾಗಲಿಲ್ಲ. ಸುಮ್ಮನಿದ್ದರೆ ಸೊಸೆಯ ಕೆಲಸ ಉಳಿಯುತ್ತದೆ. ಹೇಳಿದರೆ ತೆರೆದ ಬಾಗಿಲು ಮತ್ತೆ ಬಡಿಯುತ್ತದೆ. ಸುಮ್ಮನಿರುವುದೇ ಸೊಸೆಗೆ ಮಾಡುವ ಉಪಕಾರ ಎಂದು ಮರುದಿನ ಸೊಸೆಯೊಡನೆ ಹೋಗುವಾಗ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಹಿಂದೆ ಚಂದ ಬಂದದ ಎಂದಾಗಲೂ ಹೀಗೇ ಒಂದು ಲೆಕ್ಕ ಹಾಕಿದ್ದೆನಲ್ಲ ಎಂದು ಲಾಲಸಾಬನ ಬಾಗಿಲಿಗೆ ಬಂದ ಮೇಲೆ ನೆನಪಾಯಿತು.

ಮೆಹರಾಜಬೇಗಂ ಮಶೀನಿನ ಮುಂದಿನಿಂದ ಎದ್ದು ಬಂದಳು. ಸೊರಗಿದ್ದಳು. ಮನೆಯೊಳಗೂ ತಲೆಗೆ ದುಪಟ್ಟಾ ಬಿಗಿದು ಸುತ್ತಿಕೊಂಡಿದ್ದಳು. ಅಂಗಳದ ಕಡೆಯ ಬಾಗಿಲು ಹಾಡಹಗಲೇ ಮುಚ್ಚಿತ್ತು. ಗುರುಶಾಂತಮ್ಮನ ಎರಡೂ ಕೈ ಹಿಡಿದುಕೊಂಡಳು.

"ಬರ್ರಿ ಅವ್ವಾ. ನೀವು ಇಷ್ಟು ದಿನ ಬರಲಿಲ್ಲ, ನಿಮಗೂ ನಾಚಿಗಿ ಆಗಿರಬೇಕಂತ ತಿಳ್ಕೊಂಡೆ. ನಿಮ್ಮದೇನ್ ತಪ್ಪದ? ನಿಮಗ ಗೊತ್ತಿದ್ರ ಹಿಂಗ ಆಗಗೊಡತಿದ್ದಿಲ್ಲ ಅಂತ ನನ್ನ ಮನಸಿಗೆ ಗೊತ್ತದ."

ಪ್ರಮಿಲಾ ಪಕ್ಕದಲ್ಲೇ ನಿಂತಿದ್ದಳು, ಕ್ಯಾಮರಾದ ಚೀಲ ಹೆಗಲಲ್ಲಿ. ಹಿಡಿದ ಕೈ ಬೆಚ್ಚಗಿತ್ತು. ಬಿಡಿಸಿಕೊಳ್ಳದೆ ಇರುವುದು ಬಹಳ ಸುಲಭವಿತ್ತು.

"ನೋಡಿದ್ದೆ," ಎಂದಳು ಗುರುಶಾಂತಮ್ಮ.

"ಏನ್ರಿ?"

"ಕಪಾಟಿನ್ಯಾಗ ಇಡೂಕಿಂತ ಮೊದಲೇ ನೋಡಿದ್ದೆ. ಮಗ ತಂದು ತೋರಿಸಿದ. ನೀನು ಅಂತ ಗೊತ್ತಿತ್ತು. ಚಂದ ಬಂದದ ಅಂದೆ. ಲೆನ್ಸ್ ಕೊಡಿಸಿದಾಕಿನೂ ನಾನೇ. ಸೊಸಿ ನಿಮ್ಮ ಮನಿಗೆ ಬರೂದು ತಪ್ಪಬೇಕಿತ್ತು ನನಗ. ಅದಕ್ಕ ಆಕಿನ್ನ ಊರಿಗೂ ಕಳಸಿದೆ."

ಪ್ರಮಿಲಾ ಅತ್ತೆಯ ಮುಖವನ್ನೇ ನೋಡಿದಳು. ಮೆಹರಾಜಬೇಗಂ ಹಿಡಿದ ಕೈಗಳನ್ನು ಬಿಟ್ಟಳು. ಕೊಡವಲಿಲ್ಲ, ಮೆಲ್ಲಗೆ ಬಿಟ್ಟಳು. ಮಶೀನಿನ ಮುಂದೆ ಹೋಗಿ ಕುಳಿತು, ಹೊಲಿಯುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

"ನಮ್ಮವರೆಲ್ಲ ಬಾಯಿಗೆ ಬಂದಂಗ ಅನ್ನೂ ಮುಂದ ನಾ ಒಂದೇ ಮಾತು ಹಿಡಕೊಂಡಿದ್ದೆ ಅವ್ವಾ. ಊರ ಗಂಡಸ್ರು ನೋಡಿದ್ರು, ನೋಡ್ಲಿ. ನನ್ನ ಬಲ್ಲ ಹೆಂಗಸು ಒಬ್ಬಾಕಿ ಅದಾಳ, ಆಕಿ ನೋಡಿದ್ರ ಮುಚ್ಚತಿದ್ದಳು ಅಂತ. ಅಳಬೇಕಂದ್ರೂ ಅದನ್ನ ನೆನಸಿ ಸುಮ್ಮನಾಗ್ತಿದ್ದೆ." ಅವಳ ದನಿ ಒಡೆಯಿತು. "ಇವತ್ತ ಅದೂ ಇಲ್ಲದಂಗ ಮಾಡಿದ್ರಿ."

"ನನ್ನ ಬೈ ಬೇ. ಏನರ ಅನ್ನು. ಆಕಿ ಕೆಲಸ ಕಳೀಬ್ಯಾಡ."

"ಬೈಯಾಕ ನೀವು ಹಗೆಯವರಲ್ಲಲಾ." ಮೆಹರಾಜಬೇಗಂ ಕಣ್ಣೊರೆಸಿಕೊಂಡು ಪ್ರಮಿಲಾಳ ಕಡೆ ತಿರುಗಿದಳು. "ಪ್ರಮಿಲಾ, ನೀ ಮದುವಿ ದಿನ ಮುಂಜಾನೆ ಬಾ. ನಮ್ಮವರಿಗೆ ನಾ ಏನೂ ಹೇಳಂಗಿಲ್ಲ. ಹೆಂಗಸರ ಕಡಿ ಎಲ್ಲಾ ನೀನೇ ತಗಿ." ಆಮೇಲೆ ಮುದುಕಿಯ ಮುಖ ನೋಡದೆ ಹೇಳಿದಳು, "ಅವ್ವಾ, ನೀವು ಬರಬ್ಯಾಡ್ರಿ."

ಮನೆ ಹತ್ತಿರ ಬಂದಾಗ ಪ್ರಮಿಲಾ, "ನನಗರ ಮೊದಲ ಹೇಳಬೇಕಿತ್ತಲ್ರಿ," ಎಂದಳು. ಗುರುಶಾಂತಮ್ಮ "ಹೂಂ" ಎಂದಳು. ಬೇರೆ ಏನು ಹೇಳಿದರೂ ಅದು ತನ್ನ ಪರವಾಗಿಯೇ ಆಡಿದ ಮಾತಾಗುತ್ತಿತ್ತು.

ಮದುವೆಯ ದಿನ ಪ್ರಮಿಲಾ ಹಳೆಯ ಸಣ್ಣ ಲೆನ್ಸನ್ನೇ ಹಾಕಿಕೊಂಡು ಬೆಳಿಗ್ಗೆಯೇ ಹೊರಟಳು. ಗುರುಶಾಂತಮ್ಮ ಹಿಟ್ಟು ನಾದಿದಳು, ರೊಟ್ಟಿ ಬಡಿದಳು, ನೀರು ತಂದಳು. ಮಧ್ಯಾಹ್ನ ಹಣಮಂತರಾಯ ಉಣ್ಣಲು ಬಂದವನು ತಾಯಿಯನ್ನು ಮನೆಯಲ್ಲಿ ಕಂಡು ಬೆರಗಾದ.

"ನೀ ಹೋಗಲಿಲ್ಲೇನವ್ವಾ? ಲಾಲಸಾಬ ಚಾಚಾ ಅಂಗಡಿ ಮುಂದ ನಿಂತು ನನಗೇ ಕರದ್ರು. ಹಣಮಂತಾ, ಆಗಿದ್ದಾತು, ಊಟಕ್ಕ ಬಾ ಅಂದ್ರು."

"ನಿನಗ ಕರದ್ರೇನು?"

"ಹೂಂ. ಮತ್ತ ನಿನಗ?"

"ನನಗ ಬರಬ್ಯಾಡಂತ ಹೇಳ್ಯಾರಪಾ," ಎಂದಳು ಗುರುಶಾಂತಮ್ಮ. "ನೀ ಹೋಗಿ ಉಂಡು ಬಾ."